ಬೆವರಿನ ಬಣ್ಣ

ಆಹಾಲೋಕದ ಹೊರಬಾಗಿಲಲ್ಲಿ ಮಕ್ಕಳು ಅತ್ತರೆ ಅದು ಲಾಭದ ಲಕ್ಷಣ ಎಂದು ಮೊಟ್ಟಮೊದಲು ಲೆಕ್ಕ ಹಾಕಿ ತೋರಿಸಿದವನು ತ್ರಿಲೋಚನ. ಆ ಸಾಧನೆಗೆ ಅವನಿಗೆ ಬಡ್ತಿ ಸಿಕ್ಕಿತು, ನಿಯಂತ್ರಣ ಕೊಠಡಿಯಲ್ಲಿ ತಿರುಗುವ ಕುರ್ಚಿ ಸಿಕ್ಕಿತು, ಊಟದ ಡಬ್ಬಿ ತೆರೆದ ಕೂಡಲೇ ಹೊಟ್ಟೆ ತೊಳೆಸುವ ಕಾಯಿಲೆಯೂ ಸಿಕ್ಕಿತು. ಡಾಕ್ಟರು ಪಿತ್ತ ಅಂದರು. "ಪಿತ್ತ ಅಲ್ಲ ಸಾರ್, ವಿತ್ತ" ಎಂದು ಇವನು ಹೇಳಿದ. ಡಾಕ್ಟರು ನಗಲಿಲ್ಲ, ಮಾತ್ರೆ ಬರೆದುಕೊಟ್ಟರು.

ಆಹಾಲೋಕ ಎಂಬ ಆ ಮೋಜಿನ ಪಾರ್ಕು ಇದ್ದದ್ದು ಮೈಸೂರಿನ ಹೊರವರ್ತುಲ ರಸ್ತೆಯಾಚೆ. ಇಹಲೋಕದಲ್ಲಿ ಬೇಸತ್ತವರು ಪರಲೋಕಕ್ಕೆ ಹೊರಡುವ ಮುಂಚೆ ಒಮ್ಮೆ ಇಣುಕಿ ಹೋಗಬೇಕಾದ ಜಾಗ ಎಂದು ತ್ರಿಲೋಚನ ಕ್ಯಾಂಟೀನಿನಲ್ಲಿ ಅದಕ್ಕೆ ಜಾಹೀರಾತು ಹೊಸೆಯುತ್ತಿದ್ದ. ಟಿಕೆಟ್ಟು ಅಗ್ಗ. ಒಳಗೆ ಕಾಲಿಟ್ಟ ಎಲ್ಲರ ಮುಂಗೈಗೂ ಒಂದು ಬಿಳಿ ಪಟ್ಟಿ, ಅದೂ ಪುಕ್ಕಟೆ. ಗುಟ್ಟಿದ್ದದ್ದು ಆ ಪಟ್ಟಿಯೊಳಗಿನ ಗಂಜಿಯಂಥ ಅಂಟಿನಲ್ಲಿ. ಮನುಷ್ಯನ ಬೆವರು ಎಲ್ಲ ಹೊತ್ತಿನಲ್ಲೂ ಒಂದೇ ಥರ ಇರುವುದಿಲ್ಲ. ಕುಣಿದಾಗಿನ ಬೆವರು ಬೇರೆ, ಹೆದರಿದಾಗಿನದು ಬೇರೆ. ಖುಷಿಯ ಬೆವರು ಕುಡಿದರೆ ಆ ಅಂಟು ಕೇಸರಿಯಾಗುತ್ತಿತ್ತು, ನೆಮ್ಮದಿಗೆ ಹಸಿರು, ಭಯಕ್ಕೆ ನೀಲಿ. ಸಂಜೆಯ ಹೊತ್ತಿಗೆ ಪ್ರತಿ ಕೈಯಲ್ಲೂ ಆ ದಿನದ ಚಿತ್ತಾರ ಮೂಡಿರುತ್ತಿತ್ತು. ಒಬ್ಬರದ್ದರಂತೆ ಇನ್ನೊಬ್ಬರದ್ದಿಲ್ಲ. ಸಂಗ್ರಹಕಾರರು ಹುಟ್ಟಿಕೊಂಡದ್ದು ಅದಕ್ಕೇ.

ಹೊರಬಾಗಿಲಲ್ಲಿ ಒಂದೇ ನಿಯಮ: ಪಟ್ಟಿ ಬೇಕಾದರೆ ದುಡ್ಡು ಕೊಡಿ, ಬೇಡವಾದರೆ ಬಿಚ್ಚಿಕೊಡಿ. ಬಿಚ್ಚಿಕೊಟ್ಟದ್ದು ಸಂಗ್ರಹಕಾರರ ಹರಾಜಿಗೆ ಹೋಗುತ್ತಿತ್ತು. ಬೆಲೆ ಎಷ್ಟು ಎನ್ನುವುದು ತ್ರಿಲೋಚನನ ಕೈಚಳಕ. ಹಳೇ ಕಾಲದ ಬಳೆಗಾರ ಕೈ ಹಿಡಿದು ಅಳತೆ ನೋಡುತ್ತಿದ್ದ, ಮುಖ ನೋಡಿ ರೇಟು ಹೇಳುತ್ತಿದ್ದ. ತ್ರಿಲೋಚನನ ಯಂತ್ರ ನಾಡಿ ನೋಡಿ ಹೇಳುತ್ತಿತ್ತು. ಬಾಗಿಲ ಪರದೆಯ ಮೇಲೆ ಬೆಲೆ ಕಾಣಿಸಿದಾಗ ಮಗು ಪಟ್ಟಿಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿತು, ಅಮ್ಮನ ನಾಡಿ ಎಷ್ಟು ಎಗರಿತು ಎಂಬುದನ್ನು ಆ ಪಟ್ಟಿಗಳೇ ಯಂತ್ರಕ್ಕೆ ಊದುತ್ತಿದ್ದವು. ಆಸೆ ಏರಿದಷ್ಟು ಬೆಲೆ ಏರುತ್ತಿತ್ತು. ಜನ ಮಾತ್ರ ನಮ್ಮ ಮಗುವಿನ ಬಣ್ಣ ಅಪರೂಪದ್ದು ಎಂದುಕೊಂಡು ಹೆಮ್ಮೆಯಿಂದ ಕೊಟ್ಟು ಹೋಗುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಅವನು ದಿನಾ ಮಾತ್ರೆ ನುಂಗಿಕೊಂಡು ಕಾಲ ಹಾಕುತ್ತಿದ್ದನೋ ಏನೋ. ಹೋದ ದಸರಾ ರಜೆಯಲ್ಲಿ ಅವನು ಒಂದು ಒಳ್ಳೆಯ ಕೆಲಸ ಮಾಡಿಬಿಟ್ಟ. ಅನಾಹುತವೆಲ್ಲ ಅಲ್ಲಿಂದ ಶುರು.

ಗದಗದ ಕಡೆಯ ಒಬ್ಬ ಹುಡುಗ ಕಳೆದುಹೋಗಿದ್ದ. ಎಲ್ಲೋ ಹೆದರಿ ಅಡಗಿ ಕೂತಿದ್ದವನು ಯಾರು ಕರೆದರೂ ಹೊರಗೆ ಬರಲೊಲ್ಲ. ತಾಯಿಯನ್ನೇ ಮೈಕಿನ ಮುಂದೆ ತಂದು ನಿಲ್ಲಿಸಿದರೆ ಅತ್ತೂ ಅತ್ತೂ ಅವಳ ಗಂಟಲು ಕಟ್ಟಿಹೋಗಿತ್ತು, ಗಾಳಿ ಬಿಟ್ಟರೆ ದನಿ ಬರುತ್ತಿರಲಿಲ್ಲ. ತ್ರಿಲೋಚನ ಕಾಲೇಜಿನ ದಿನಗಳಿಂದ ಮಿಮಿಕ್ರಿಯವನು. ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಅಮಾನತಾಗಿದ್ದವನು. ಆ ತಾಯಿ ಬೆಳಗಿನಿಂದ ಕೂಗುತ್ತಿದ್ದುದನ್ನು ಅವನು ಕೇಳಿದ್ದ. ಮೈಕು ತೆಗೆದುಕೊಂಡು ಅವಳದೇ ದನಿಯಲ್ಲಿ, "ಬಾರೋ ನನ್ನಪ್ಪಾ, ಇಲ್ಲೇ ಅದೀನಿ ಬಾ" ಎಂದು ಕರೆದ. ಹುಡುಗ ಓಡಿ ಬಂದ. ತಾಯಿ ಅಪ್ಪಿಕೊಂಡಳು. ನೀಲಿ ಕುಡಿದು ಒದ್ದೆಯಾಗಿದ್ದ ಹುಡುಗನ ಪಟ್ಟಿ, ಅದು ಆರುವ ಮೊದಲೇ ಖುಷಿಯ ಬೆವರನ್ನೂ ಕುಡಿದು, ಎಲ್ಲರ ಕಣ್ಣೆದುರೇ ನೇರಳೆಯಾಯಿತು. ನಡುವೆ ಚಿನ್ನದ ಎಳೆ.

ಅಂಥ ಬಣ್ಣವನ್ನು ಯಾರೂ ಕಂಡಿರಲಿಲ್ಲ. ಹೊರಬಾಗಿಲಲ್ಲಿ ಯಂತ್ರ ಹೇಳಿದ ಬೆಲೆಗೆ ತಂದೆಯ ಮುಖ ಸುಣ್ಣವಾಯಿತು. ತಾಯಿ ಕಿವಿಯ ಓಲೆಗೆ ಕೈ ಹಾಕಿದಳು.

ಆಹಾಲೋಕದ ಮಾಲೀಕ ಶೈಲೇಂದ್ರ ಆ ದೃಶ್ಯವನ್ನು ಪರದೆಯ ಮೇಲೆ ಮೂರು ಸಲ ಹಾಕಿಸಿ ನೋಡಿದರು. "ಸೀ, ಬೇಸಿಕಲಿ," ಎಂದರು. ಅವರ ಎಲ್ಲ ವಾಕ್ಯಗಳೂ ಆ ಚಪ್ಪಲಿ ಮೆಟ್ಟಿಕೊಂಡೇ ಹೊರಡುತ್ತಿದ್ದವು. "ಬೇಸಿಕಲಿ, ಇದು ಆಕ್ಸಿಡೆಂಟ್ ಅಲ್ಲ ತ್ರಿಲೋಚನ್. ಇದು ಪ್ರಾಡಕ್ಟು."

ಆ ಪ್ರಾಡಕ್ಟಿಗೆ ಮಿಲನ ಎಂದು ಹೆಸರಿಟ್ಟರು. ಒಳಬಾಗಿಲಲ್ಲಿ ಪ್ಲಾಸ್ಟಿಕ್ಕಿನ ದೊಡ್ಡ ತಾವರೆ ಬಂತು. 'ಮಗುವಿನ ಹೆಸರು ಕರೆಯಿರಿ, ತಾವರೆ ಅರಳುತ್ತದೆ' ಎಂಬ ಬೋರ್ಡು. ತಾಯಂದಿರು ಕರೆಯುತ್ತಿದ್ದರು, ತಾವರೆ ಅರಳುತ್ತಿತ್ತು, ಹಿಂದಿದ್ದ ಯಂತ್ರ ದನಿಯನ್ನು ನುಂಗಿಕೊಳ್ಳುತ್ತಿತ್ತು. ಆಮೇಲೆ ಕನ್ನಡಿ ಕೋಟೆಯಲ್ಲೋ ಮತ್ತೊಂದು ಕಡೆಯೋ, ಟಾರ್ಚಿನ ಬೆಳಕಿನಂತೆ ದನಿಯನ್ನು ಒಂದೇ ಗೆರೆಯಲ್ಲಿ ಬಿಡುವ ಸ್ಪೀಕರುಗಳಿಂದ ಅದು ಆ ಮಗುವೊಂದಕ್ಕೇ ಕೇಳುವಂತೆ ಕರೆಯುತ್ತಿತ್ತು. ಅಮ್ಮನ ಕೈ ಬಿಟ್ಟು ಮಗು ಅಮ್ಮನ ದನಿಯ ಹಿಂದೆ ಹೋಗುತ್ತಿತ್ತು. ಹೋದ ಕಡೆ ಅಮ್ಮ ಇಲ್ಲ. ನೀಲಿ ಚೆನ್ನಾಗಿ ಬಲಿತ ಮೇಲೆ ಸಿಬ್ಬಂದಿ ನಗುನಗುತ್ತ ತಂದೆತಾಯಿಯನ್ನು ಕರೆತರುತ್ತಿದ್ದರು. ಅಪ್ಪುಗೆ, ಕಣ್ಣೀರು, ನೇರಳೆ. ಜನ ಸಿಬ್ಬಂದಿಗೆ ಕೈ ಮುಗಿದು, ದುಡ್ಡು ಕೊಟ್ಟು, ದೇವರು ದೊಡ್ಡವನು ಎಂದುಕೊಂಡು ಮನೆಗೆ ಹೋಗುತ್ತಿದ್ದರು.

"ಇವತ್ತು ಕೊಯ್ಲು ಜೋರು ಸಾರ್," ಎನ್ನುತ್ತಿದ್ದಳು ಯಂತ್ರ ನಡೆಸುವ ಫಿಲೋಮಿನಾ, ಚಿಪ್ಸ್ ತಿನ್ನುತ್ತ.

"ಮಿಲನ ಅಲ್ಲಮ್ಮ, ಮಲಿನ," ಎನ್ನುತ್ತಿದ್ದ ತ್ರಿಲೋಚನ. ಅವಳು ನಗುತ್ತಿದ್ದಳು. ಇವನೂ ನಗುತ್ತಿದ್ದ. ನಕ್ಕು ಮತ್ತೆ ಬೆಲೆ ಹಾಕಲು ಕೂರುತ್ತಿದ್ದ. ಜೋಕು ಹೊಡೆದವನಿಗೆ ಪಾಪ ಹತ್ತುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರೋ.

ಮನೆಗೆ ಬಂದರೂ ಪಟ್ಟಿಗಳ ವಾಸನೆ ಬಿಡುತ್ತಿರಲಿಲ್ಲ. ಮೇಲಿನ ಮನೆಯ ಚಂದ್ರಕಾಂತ ಅರಸರು ಷೋಕೇಸಿನಿಂದ ಗಣೇಶನ ವಿಗ್ರಹಗಳನ್ನು ತೆಗೆದು ಪಟ್ಟಿಗಳನ್ನು ಜೋಡಿಸಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಒಂದು ನೀಲಿ ಪಟ್ಟಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಎಳೆದುಕೊಂಡರು, ನಶ್ಯ ಎಳೆದ ಹಾಗೆ.

"ಹುಳಿ ಬರ್ತಿದೆ ನೋಡಿ ತ್ರಿಲೋಚನ್ ಅವ್ರೇ. ಅಸಲಿ ಭಯ. ನಕಲಿ ಆದ್ರೆ ಉಪ್ಪು ಉಪ್ಪು ಇರ್ತದೆ. ಮೂಸಿ, ಮೂಸಿ, ಸಂಕೋಚ ಬೇಡಿ."

"ನೆಗಡಿ ಸಾರ್," ಎಂದು ಇವನು ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದಿದ್ದ.

ಕೆಳಗೆ ಮನೆಯಲ್ಲಿ ಬೇರೆಯದೇ ಆಟ. ಕುಕ್ಕರಿನ ಸೀಟಿ ಎಣಿಸುವುದು ಮಗಳು ಇಂಚರಳ ಕೆಲಸ. ಮೂರನೆಯದು ಕೂಗಿದ ಕೂಡಲೇ "ಅಮ್ಮಾ, ಮೂರಾಯ್ತು!" ಎಂದು ಕಿರುಚಬೇಕು. ತ್ರಿಲೋಚನ ಪಡಸಾಲೆಯಲ್ಲಿ ಕೂತು ಬಾಯಲ್ಲಿ ಕಳ್ಳ ಸೀಟಿ ಹಾಕುತ್ತಿದ್ದ. ಹೆಂಡತಿ ಮಂದಾಕಿನಿ ಎಷ್ಟೋ ಸಲ ಮೋಸಹೋಗಿ ಅರೆಬೆಂದ ಬೇಳೆ ಇಳಿಸಿದ್ದುಂಟು. ಐದು ವರ್ಷದ ಇಂಚರ ಮಾತ್ರ ಒಮ್ಮೆಯೂ ಮೋಸಹೋಗಲಿಲ್ಲ.

"ಅದು ಅಪ್ಪಂದು ಸುಳ್ಳು ಸೀಟಿ! ಕೊನೇಲಿ ನಗು ಇತ್ತು!"

ಆ ಸಂಜೆ ಮಂದಾಕಿನಿ ಸೌಟು ಹಿಡಿದೇ ಆಚೆ ಬಂದಳು. "ರೀ, ಊರೆಲ್ಲ ನೋಡ್ಕೊಂಡು ಬಂತು. ಅಲ್ಲೇ ಕೆಲಸ ಮಾಡೋರ ಮಗು ನೋಡಿಲ್ಲ ಅಂದ್ರೆ ಜನ ನಗಲ್ವಾ? ಅಮ್ಮನೂ ಬಂದಿದ್ದಾರೆ. ಶುಕ್ರವಾರ ಇಂಚೂಗೆ ರಜ."

"ಅಲ್ಲೇನಿದೆ ಅಂತ? ಧೂಳು, ಗಲಾಟೆ."

"ಧೂಳು ನೋಡೋಕೆ ಅಷ್ಟು ಜನ ಬರ್ತಾರಾ?"

ಒಳಗಿನಿಂದ ಅತ್ತೆ ಪುಟ್ಟತಾಯಮ್ಮನವರ ದನಿ ಬಂತು. "ಹೋಗ್ಲಿ ಬಿಡು ಮಂದಾ. ಅಳಿಯಂದ್ರಿಗೆ ನಮ್ಮನ್ನ ಕರ್ಕೊಂಡೋಗೋಕೆ ನಾಚ್ಕೆ ಏನೋ."

ತ್ರಿಲೋಚನ ಯೋಚಿಸಿದ. ಸಿಬ್ಬಂದಿಯ ಹೆಂಡತಿ ಮಕ್ಕಳ ಪಾಸಿನ ಪಟ್ಟಿಗೆ ಒಳಗೊಂದು ಗುರುತು ಇರುತ್ತಿತ್ತು, ಮಿಲನದ ಯಂತ್ರ ಆ ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ಉಳಿದವರ ಮಕ್ಕಳಾದರೆ ಫಸಲು. ತನ್ನ ಮಗುವಿಗೆ ಭಯವಿಲ್ಲ ಎಂದು ಖಾತ್ರಿಯಾದಾಗ ಅವನ ಹೊಟ್ಟೆ ಹಗುರಾಯಿತು. ಹಗುರಾದದ್ದಕ್ಕೇ ಮತ್ತೆ ತೊಳೆಸಿತು.

"ಸರಿ, ಹೋಗ್ಬನ್ನಿ," ಎಂದ.

ಶುಕ್ರವಾರ ತಾಯಿಮಗಳಿಗೆ ಪಾಸು ಸಿಕ್ಕಿತು. ಅತ್ತೆಗೆ ಪಾಸಿನ ಸೌಲಭ್ಯವಿರಲಿಲ್ಲ, ಟಿಕೆಟ್ಟು ಕೊಳ್ಳಬೇಕಾಯಿತು. ತಾವರೆಯ ಮುಂದೆ ಮಂದಾಕಿನಿ, "ಇಂಚೂ, ಬಾರೇ ಚಿನ್ನಾ" ಎಂದು ಕರೆದಳು. ತಾವರೆ ಅರಳಿತು. ತೊಟ್ಟಿಲ ರಾಟೆಯಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಇಂಚರಳ ಪಟ್ಟಿ ಕೇಸರಿ ಕೆಂಡವಾಯಿತು. ಹೋಗುವವರು ಬರುವವರೆಲ್ಲ ಅವಳ ಕೈ ಹಿಡಿದೆಳೆದು ನೋಡುವವರೇ. "ಅಬ್ಬಾ, ಎಂಥ ಬಣ್ಣ!" "ಮಾರ್ತೀರೇನ್ರೀ?"

ಪುಟ್ಟತಾಯಮ್ಮನವರಿಗೆ ತಡೆಯಲಾಗಲಿಲ್ಲ. ಇಷ್ಟು ಕಣ್ಣು ಬಿದ್ದರೆ ಮಗುವಿಗೆ ದೃಷ್ಟಿಯಾಗದೆ ಇರುತ್ತದೆಯೇ? ಐಸ್‌ಕ್ರೀಮಿನ ಜಿಡ್ಡು ಸವರಿ ಜಾರಿಸಿ ಮೊಮ್ಮಗಳ ಪಟ್ಟಿ ಬಿಚ್ಚಿ ತಾವು ಹಾಕಿಕೊಂಡರು. ಶುಕ್ರವಾರ ಹೆಣ್ಣುಮಗುವಿನ ಕೈ ಬರಿದಾಗಿ ಬಿಡಬಾರದಲ್ಲ, ತಮ್ಮ ಬೆಳ್ಳನೆಯ ಪಟ್ಟಿಯನ್ನು ಅವಳಿಗೆ ತೊಡಿಸಿದರು. "ಇದ್ರ ಮೇಲೆ ಯಾರ ಕಣ್ಣೂ ಬೀಳಲ್ಲ, ಹೋಗು," ಎಂದರು.

ಬಿದ್ದದ್ದು ಯಂತ್ರದ ಕಣ್ಣು. ಪಟ್ಟಿ ತೊಟ್ಟವರ ವಯಸ್ಸನ್ನು ಅದು ಟಿಕೆಟ್ಟಿನಿಂದ ತಿಳಿಯುತ್ತಿರಲಿಲ್ಲ, ನಾಡಿಯಿಂದ ತಿಳಿಯುತ್ತಿತ್ತು. ಕೊಂಡ ಟಿಕೆಟ್ಟಿನ ಪಟ್ಟಿ, ಸಿಬ್ಬಂದಿ ಗುರುತಿಲ್ಲ, ಒಳಗೆ ಮಗುವಿನ ನಾಡಿ. ಜೊತೆಗೆ ಬಂದ ಹೆಂಗಸಿನ ದನಿ ಆಗಲೇ ಹೊಟ್ಟೆಯಲ್ಲಿದೆ.

ನಿಯಂತ್ರಣ ಕೊಠಡಿಯಲ್ಲಿ ತ್ರಿಲೋಚನ ಶೈಲೇಂದ್ರರ ದನಿಯಲ್ಲಿ, "ಸೀ, ಬೇಸಿಕಲಿ, ಕಾಫಿ ತಣ್ಣಗಿದೆ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಫಿಲೋಮಿನಾ ಕಿವಿಯ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಅದರೊಳಗಿನಿಂದ ಸೊಳ್ಳೆಯಷ್ಟು ಸಣ್ಣಗೆ ಒಂದು ದನಿ ಬರುತ್ತಿತ್ತು.

"ಇಂಚೂ... ಬಾರೇ ಚಿನ್ನಾ... ಇಲ್ಲಿದೀನಿ..."

ತ್ರಿಲೋಚನನ ಕಾಫಿ ಲೋಟ ಅಲ್ಲೇ ನಿಂತಿತು. 'ಚಿನ್ನಾ' ಅನ್ನುವಾಗ ಮಂದಾಕಿನಿ ಕೊನೆಯಲ್ಲಿ ಉಸಿರನ್ನು ಒಂದಿಷ್ಟು ಒಳಗೆ ಎಳೆದುಕೊಳ್ಳುತ್ತಾಳೆ. ಅದನ್ನು ಅಣಕಿಸಿ ಅಣಕಿಸಿ ಅವನು ವರ್ಷಗಟ್ಟಲೆ ಅವಳನ್ನು ರೇಗಿಸಿದ್ದ. ಯಂತ್ರ ಆ ಉಸಿರನ್ನೂ ಬಿಟ್ಟಿರಲಿಲ್ಲ. ಅವನಿಗಿಂತ ಚೆನ್ನಾಗಿ ಮಾಡಿತ್ತು.

"ನಿಲ್ಲಿಸು! ಫಿಲೋಮಿನಾ, ಅದನ್ನ ನಿಲ್ಲಿಸು!"

"ಯಾಕ್ ಸಾರ್? ಟಿಕೆಟ್ಟಿನ ಮಗು. ನೀಲಿ ಇನ್ನೂ ಅರ್ಧಕ್ಕೆ..."

"ನನ್ನ ಮಗು ಕಣೇ ಅದು!"

ಅವಳು ಗುಂಡಿ ಒತ್ತಿದಳು. ದನಿ ನಿಂತಿತು. ಅದೇ ತಪ್ಪಾಯಿತು. ಕನ್ನಡಿ ಕೋಟೆಯ ಹಿಂದಿನ ಕತ್ತಲ ಓಣಿಯಲ್ಲಿ ನಡೆಯುತ್ತಿದ್ದ ಇಂಚರಳಿಗೆ ಇದ್ದೊಂದು ದನಿಯೂ ಬತ್ತಿಹೋಯಿತು. ಪರದೆಯ ಮೇಲೆ ಅವಳು ಅತ್ತಿತ್ತ ನೋಡಿದಳು, ಕ್ಯಾಮೆರಾ ಇಲ್ಲದ ಕಡೆಗೆ ಓಡಿದಳು.

ತ್ರಿಲೋಚನ ಇಳಿದು ಹೋಗುವಷ್ಟರಲ್ಲಿ ಕೋಟೆಯ ಹಿಂದೆ ಮಂದಾಕಿನಿ ನೆಲಕ್ಕೆ ಮೊಣಕಾಲೂರಿ ಕೂತಿದ್ದಳು. ತೊಟ್ಟಿಲ ರಾಟೆಯ ಹಲಗೆಯ ಕೆಳಗೆ, ಗ್ರೀಸು ಮೆತ್ತಿದ ಕಬ್ಬಿಣಗಳ ನಡುವೆ, ಇಂಚರಳ ಫ್ರಾಕಿನ ಅಂಚು ಕಾಣುತ್ತಿತ್ತು. ದೊಡ್ಡವರು ನುಗ್ಗುವಷ್ಟು ಸಂದಿಯಿರಲಿಲ್ಲ. ರಾಟೆಯನ್ನೇನೋ ನಿಲ್ಲಿಸಿದ್ದರು. ಒಳಗೆ ಇನ್ನೂ ಆಳಕ್ಕೆ, ಯಂತ್ರದ ಹೊಂಡದ ಕಡೆಗೆ, ಮಗು ಸರಿಯುತ್ತಿತ್ತು.

"ಇಂಚೂ, ಬಾರೇ ಚಿನ್ನಾ! ಅಮ್ಮ ಕಣೇ, ಇಲ್ಲಿದೀನಿ!"

ಅವಳು ಕರೆದಷ್ಟೂ ಮಗು ಕಿವಿ ಮುಚ್ಚಿಕೊಂಡು ಹಿಂದೆ ಹಿಂದೆ ಹೋಯಿತು.

"ನೀನಲ್ಲ! ನೀನು ಅಮ್ಮ ಅಲ್ಲ! ಆಗ್ಲೂ ಹಿಂಗೇ ಕರ್ದೆ!"

ಮಂದಾಕಿನಿ ಗಂಡನ ಕಡೆ ತಿರುಗಿದಳು. "ಏನ್ರೀ ಹೇಳ್ತಿದಾಳೆ ಇವ್ಳು? ನಾನು ಯಾವಾಗ ಕರ್ದೆ?"

ಅವನು ಅವಳ ಬಾಯಿಯ ಮೇಲೆ ಮೆಲ್ಲಗೆ ಕೈ ಇಟ್ಟ. "ಮಂದಾ, ನೀನು ಮಾತಾಡ್ಬೇಡ. ದಮ್ಮಯ್ಯ, ಮಾತಾಡ್ಬೇಡ," ಎಂದ. ತಾನು ಅಪ್ಪ ಎಂದು ಕರೆಯಲೂ ಬಾಯಿ ಬರಲಿಲ್ಲ. ಕರೆದರೆ ಅದೂ ಸ್ಪೀಕರಿನ ಅಪ್ಪ ಆಗಿಬಿಟ್ಟರೆ? ಹೊಟ್ಟೆಯ ಮೇಲೆ ಮಲಗಿ, ಸಂದಿಗೆ ಬಾಯಿ ಹಚ್ಚಿ, ಕುಕ್ಕರಿನ ಸೀಟಿ ಹಾಕಿದ. ಒಂದು. ಒಳಗೆ ಸರಿದಾಟ ನಿಂತಿತು. ಎರಡು. ಮೂರನೆಯದಕ್ಕೆ ನಗು ಬರಿಸಲು ನೋಡಿದ, ಬರಲಿಲ್ಲ. ಸೀಟಿ ಕೊನೆಯಲ್ಲಿ ಬಿಕ್ಕಾಗಿ ಒಡೆಯಿತು.

ಕತ್ತಲಿನಿಂದ ಸಣ್ಣ ದನಿ ಬಂತು. "ಅದು ಸುಳ್ಳು ಸೀಟಿ."

"ಹೂಂ ಕಣೇ. ಸುಳ್ಳೇ."

"ಸುಳ್ಳು ಸೀಟಿ ಅಪ್ಪಂದೇ," ಎಂದು ಮಗು ತನಗೆ ತಾನೇ ಹೇಳಿಕೊಂಡು ಮೊಣಕೈಯಲ್ಲಿ ತೆವಳುತ್ತ ಹೊರಗೆ ಬಂತು. ಅವನ ಕೊರಳಿಗೆ ಜೋತುಬಿತ್ತು. ಮಂದಾಕಿನಿ "ಇಂಚೂ" ಅಂದ ಕೂಡಲೇ ಅವನ ಅಂಗಿಯೊಳಗೆ ಮುಖ ಹುದುಗಿಸಿತು.

ಪಟ್ಟಿ ನೇರಳೆಯಾಗಲಿಲ್ಲ. ನೀಲಿಯ ಮೇಲೆ ಏನೋ ಅರೆಬರೆ ಬೆರೆತು, ಕೊಳೆತ ಬಾಳೆಸಿಪ್ಪೆಯ ಕಪ್ಪುಹಳದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಜೀವ ಇದ್ದ ಹಾಗೆ ಮಿನುಗುತ್ತಿತ್ತು.

ಹೊರಬಾಗಿಲಿಗೆ ಬರುವಷ್ಟರಲ್ಲಿ ಶೈಲೇಂದ್ರ ಬ್ಯಾಟರಿ ಗಾಡಿಯಲ್ಲಿ ಅಲ್ಲಿಗೇ ಬಂದಿದ್ದರು. ಕೈಯಲ್ಲಿ ಕತ್ತರಿ, ಪ್ಲಾಸ್ಟಿಕ್ ಚೀಲ. ಮಗುವಿನ ಮುಖವನ್ನು ನೋಡಲಿಲ್ಲ, ಮುಂಗೈ ನೋಡಿದರು.

"ಸೀ, ಬೇಸಿಕಲಿ, ಆಗಬಾರದಿತ್ತು, ಆಗಿಹೋಯ್ತು. ಐ ಆಮ್ ಸಾರಿ. ಆದ್ರೆ ತ್ರಿಲೋಚನ್, ಈ ಬಣ್ಣ ನೋಡಿ! ಇಡೀ ಪ್ರಪಂಚಕ್ಕೆ ಒಂದೇ ಪೀಸು. ಫೋನ್ ಆಗ್ಲೇ ಬರ್ತಾ ಇದೆ. ನಿಮಗೆ ಅರ್ಧ. ಏನಂತೀರಿ?"

ಬಾಗಿಲ ಪರದೆಯ ಮೇಲೆ ಬೆಲೆ ಏರುತ್ತಿತ್ತು. ಅದು ಮಂದಾಕಿನಿಯ ನಾಡಿ. ತನ್ನದೇ ಸೂತ್ರ ತನ್ನ ಹೆಂಡತಿಯ ಎದೆಬಡಿತವನ್ನು ರೂಪಾಯಿಗೆ ತಿರುಗಿಸುತ್ತಿರುವುದನ್ನು ತ್ರಿಲೋಚನ ನೋಡುತ್ತ ನಿಂತ. ಅವಳ ಉಸಿರು ಏರಿದಂತೆ ಅಂಕಿ ಏರಿತು.

"ಅದೇನು ಅಷ್ಟೊಂದು ಬೆಲೆ ಬಾಳ್ತದಾ ಇದು?" ಎಂದು ಪುಟ್ಟತಾಯಮ್ಮ ಕೇಳಿದರು.

"ಬೇಸಿಕಲಿ, ಹೌದಮ್ಮಾ. ಒಂದು ಸೈಟೇ ತಗೋಬಹುದು," ಎಂದರು ಶೈಲೇಂದ್ರ.

"ಹಂಗಾ? ಅಷ್ಟು ಜನರ ಕಣ್ಣು ಬಿದ್ದಿದೆ ಅಂತಾಯ್ತು."

ಮಗುವಿನ ಕೈಯಿಂದ ಪಟ್ಟಿಯನ್ನು ಮೆಲ್ಲಗೆ ಜಾರಿಸಿಕೊಂಡರು. ಶೈಲೇಂದ್ರ ಚೀಲ ಬಿಡಿಸಿ ಹಿಡಿದರು. ಆ ಮುದುಕಿ ಪಟ್ಟಿಯನ್ನು ಮೊಮ್ಮಗಳ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿ ತೆಗೆದು, "ನಾಯಿ ಕಣ್ಣು ನರಿ ಕಣ್ಣು, ಮಾರೋರ ಕಣ್ಣು ಕೊಳ್ಳೋರ ಕಣ್ಣು, ಹೋಗ್ಲಿ ಸುಟ್ಟು" ಎಂದು ಹೇಳಿ, ಥೂ ಥೂ ಥೂ ಎಂದು ಉಗಿದು, ಬಾಗಿಲ ಪಕ್ಕದಲ್ಲೇ ಮುಸುಕಿನ ಜೋಳ ಸುಡುತ್ತಿದ್ದ ಗಾಡಿಯ ಕೆಂಡಕ್ಕೆ ಹಾಕಿಬಿಟ್ಟರು.

"ಅಯ್ಯೋ!" ಎಂದು ಶೈಲೇಂದ್ರ ಕೆಂಡಕ್ಕೇ ಕೈ ಹಾಕಲು ಹೋಗಿ ಹಿಂದಕ್ಕೆಳೆದುಕೊಂಡರು. ಅವರ ಬಾಯಲ್ಲಿ ಬೇಸಿಕಲಿ ಇಲ್ಲದ ಮೊದಲ ಮಾತು ಅದು. ಪಟ್ಟಿ ಚಿಟಚಿಟ ಸಿಡಿಯಿತು, ನುಲಿಯಿತು, ಹಸಿಕೂದಲು ಸುಟ್ಟಂಥ ನಾತ ಎದ್ದು ಸಾಲಿನಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು.

"ನೋಡಿದ್ರಾ ಅಳಿಯಂದ್ರೇ, ಎಂಥ ನಾತ! ಎಷ್ಟು ದೃಷ್ಟಿ ತಾಗಿತ್ತು ಕೂಸಿಗೆ," ಎಂದರು ಪುಟ್ಟತಾಯಮ್ಮ. ಆಮೇಲೆ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಆ ಎಳೆಯನ್ನು ಮೊಮ್ಮಗಳ ಬರಿಗೈಗೆ ಕಟ್ಟಿದರು.

"ತ್ರಿಲೋಚನ್!" ಶೈಲೇಂದ್ರ ಕಿರುಚಿದರು. "ನಾಳೆಯಿಂದ ನೀನು ಕೆಲಸಕ್ಕೆ..."

"ಸೀ, ಬೇಸಿಕಲಿ," ಎಂದ ತ್ರಿಲೋಚನ, ಥೇಟು ಅವರದೇ ದನಿಯಲ್ಲಿ. "ಥೂ."

ಅದು ಅವನು ಮಾಡಿದ ಕೊನೆಯ ಮಿಮಿಕ್ರಿ. ತನ್ನ, ಹೆಂಡತಿಯ, ಅತ್ತೆಯ ಪಟ್ಟಿಗಳನ್ನು ಕಿತ್ತು ಅದೇ ಕೆಂಡಕ್ಕೆಸೆದ. ಪಟ್ಟಿಯೇ ಇಲ್ಲದ ಕೈಗಳಿಗೆ ಯಂತ್ರದ ಹತ್ತಿರ ಯಾವ ಬೆಲೆಯೂ ಇರಲಿಲ್ಲ. ಬಾಗಿಲು ತೆರೆದುಕೊಂಡಿತು.

ಮನೆಗೆ ಹೋಗುವ ದಾರಿಯಲ್ಲಿ ಅವನು ಮಂದಾಕಿನಿಗೆ ಎಲ್ಲವನ್ನೂ ಹೇಳಿದ. ಅವಳು ಆಟೋದ ಆಚೆ ಬದಿಗೆ ಸರಿದು ಕೂತಳು. ಆಮೇಲೆ ಅವನು ದೂರು ಬರೆದ, ಪೊಲೀಸರು ಬರೆದುಕೊಂಡರು. ಪತ್ರಿಕೆಯಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದನ್ನು ಓದಿದ ಮೇಲೆ ಆಹಾಲೋಕದ ಮುಂದೆ ಸಾಲು ಇನ್ನೂ ಉದ್ದವಾಯಿತು. ಕಳೆದುಹೋದ ಮಕ್ಕಳ ಬಣ್ಣ ಯಾರಿಗೆ ಬೇಡ? ತಮ್ಮ ಮಗುವಿಗೂ ಮಿಲನ ಆಗಲಿ ಎಂದು ತಾಯಂದಿರು ತಾವರೆಯ ಮುಂದೆ ಎರಡೆರಡು ಸಲ ಕರೆಯುತ್ತಾರೆಂದು ಸುದ್ದಿ. ಚಂದ್ರಕಾಂತ ಅರಸರು ಒಂದು ದಿನ ಖಾಲಿ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದರು.

"ನಿಮ್ಮ ಪಾಪುದು ಸುಟ್ಟುಹೋಯ್ತಂತೆ, ಪಾಪ. ಬೂದಿ ಏನಾದ್ರೂ ಇದ್ರೆ..."

ತ್ರಿಲೋಚನ ಬಾಗಿಲು ಹಾಕಿದ. ಬಚ್ಚಲಿಗೆ ಹೋಗಿ ಕುಡಿದ ಕಾಫಿಯನ್ನೆಲ್ಲ ಕಕ್ಕಿದ. ಕಕ್ಕಿದರೆ ಹೋಗುವಂಥದ್ದಲ್ಲ ಅದು ಎಂದು ತಿಳಿದೂ ಬಾಯಿ ತೊಳೆದುಕೊಂಡು ಬಂದ.

ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಒಂದು, ಎರಡು, ಮೂರು. ಇಂಚರ ಪಡಸಾಲೆಯಲ್ಲಿ ಬಣ್ಣದ ಕಡ್ಡಿ ಹಿಡಿದು ಕೂತಿದ್ದಳು, ಸೀಟಿ ಎಣಿಸಲಿಲ್ಲ. ಮಂದಾಕಿನಿ ಒಲೆ ಆರಿಸಿ ಬಾಗಿಲಿಗೆ ಬಂದು ನಿಂತಳು.

"ಇಂಚೂ," ಎಂದಳು. "ಊಟಕ್ಕೆ ಬಾರೇ ಚಿನ್ನಾ."

ಮಗು ತಲೆಯೆತ್ತಿತು. ಏಳಲಿಲ್ಲ. ಅಮ್ಮನ ಕಣ್ಣನ್ನು ನೋಡಲಿಲ್ಲ, ತುಟಿಯನ್ನೇ ನೋಡುತ್ತ ಕಾಯಿತು.

ಮಂದಾಕಿನಿ ಅದನ್ನು ಆಗಲೇ ಕಲಿತಿದ್ದಳು. ಬೆಳಕು ಮುಖಕ್ಕೆ ಬೀಳುವಂತೆ ಒಂದು ಹೆಜ್ಜೆ ಮುಂದೆ ಬಂದು, ಬಾಯಿಯನ್ನು ದೊಡ್ಡದಾಗಿ ತೆರೆದು, ಒಂದೊಂದೇ ಅಕ್ಷರವನ್ನು ಕಾಣುವ ಹಾಗೆ ಬಿಡಿಸಿ, ಮಗಳ ಹೆಸರನ್ನು ಇನ್ನೊಮ್ಮೆ ಕರೆದಳು.